ಹೆಸರು ಹೇಳದ ಮದ್ದು

ಮಣಿಮೇಗಲೈ ನನ್ನ ಓರಗಿತ್ತಿ. ನನ್ನ ಗಂಡ ಪೆರಿಯಣ್ಣನ್ ಅವರ ತಮ್ಮ ಪಾಂಡಿಯರಾಜನ್‌ನ ಹೆಂಡತಿ. ಈ ಊರಿನಲ್ಲಿ ಅವಳ ಬಗ್ಗೆ ಯಾರನ್ನು ಕೇಳಿದರೂ ಒಳ್ಳೆಯದನ್ನೇ ಹೇಳುತ್ತಾರೆ. ಅದಕ್ಕೇ ನಾನು ಹೇಳುತ್ತೇನೆ, ಕೇಳಿ. ಮೂವತ್ತು ವರ್ಷ ಅವಳನ್ನು ಪಕ್ಕದಲ್ಲೇ ಇದ್ದು, ಹೊಟ್ಟೆ ಉರಿದುಕೊಂಡು ನೋಡಿದವಳು ನಾನು. ಪ್ರೀತಿಯಿಂದ ನೋಡುವವರ ಕಣ್ಣಿಗೆ ಅರ್ಧ ಮಾತ್ರ ಬೀಳುತ್ತದೆ. ನನಗೆ ಅವಳ ಸೀರೆಯ ಅಂಚಿನ ಹೊಲಿಗೆ ಬಿಟ್ಟದ್ದೂ ಕಾಣುತ್ತದೆ.

ನಮ್ಮ ಊರು ಕಾಮಯಗೌಂಡನ್‌ಪಟ್ಟಿ. ಕಂಬಂನಲ್ಲಿ ಶೇರ್ ಆಟೋ ಹತ್ತಿ, ದ್ರಾಕ್ಷಿ ಚಪ್ಪರಗಳ ನಡುವೆ ಸ್ವಲ್ಪ ದೂರ ಬಂದರೆ ಸಿಗುತ್ತದೆ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹೊಲದಲ್ಲೂ ಹಾಗೆಯೇ. ನಮ್ಮದೊಂದು ತೆಂಗಿನ ತೋಪು, ಅವರದೊಂದು ತೆಂಗಿನ ತೋಪು, ನಡುವೆ ಒಂದು ದ್ರಾಕ್ಷಿ ಚಪ್ಪರ. ಅವಳು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಬೈದರೆ ಅವಳಿಗೆ ಕೇಳುತ್ತದೆ. ಬೈದದ್ದೇ ಹೆಚ್ಚು.

ನಾವು ಕನ್ನಡ ಮಾತಾಡುವ ಜನ. ಎಷ್ಟು ತಲೆಮಾರಿನ ಹಿಂದೆ ಈ ಕಣಿವೆಗೆ ಬಂದೆವೋ ಯಾರಿಗೂ ನೆನಪಿಲ್ಲ. ಬೀದಿಗೆ ಇಳಿದರೆ ತಮಿಳು, ಒಲೆಯ ಮುಂದೆ ಕನ್ನಡ. ಮಣಿಮೇಗಲೈ ನಿಲಕ್ಕೋಟ್ಟೈ ಕಡೆಯವಳು, ಹೂವು ಬೆಳೆಯುವವರ ಮಗಳು. ಅವರೂ ನಮ್ಮವರೇ, ಆದರೆ ಆ ಮನೆಯಲ್ಲಿ ಮುದುಕರು ಕನ್ನಡದಲ್ಲಿ ಕೇಳಿದರೆ ಮಕ್ಕಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರಂತೆ. ಮದುವೆಯಾಗಿ ಬಂದ ಮೊದಲ ದಿನವೇ ಅವಳು ಅಡಿಗೆಮನೆಯಲ್ಲಿ ನನ್ನನ್ನು ಕೇಳಿದಳು, “ಅಕ್ಕಾ, ತಣ್ಣಿ ಎಂಗೆ?”

“ಈ ಒಲೆ ಮುಂದೆ ನೀರು ಅಂದ್ರೆ ಸಿಗ್ತದೆ. ತಣ್ಣಿ ಅಂದ್ರೆ ಸಿಗಲ್ಲ,” ಎಂದೆ ನಾನು.

ಅವಳು ಅಳಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. “ನೀರು ಎಲ್ಲಿ ಅಕ್ಕಾ?” ಎಂದು ಮತ್ತೆ ಕೇಳಿದಳು. ಆವತ್ತಿನಿಂದ ನನ್ನ ಜೊತೆ ಒಂದು ಮಾತನ್ನೂ ತಮಿಳಿನಲ್ಲಿ ಆಡಿಲ್ಲ. ತಲೆಯಲ್ಲಿ ತಮಿಳು ಹುಟ್ಟುತ್ತದೆ, ಅದನ್ನು ಅಲ್ಲೇ ಕನ್ನಡಕ್ಕೆ ತಿರುಗಿಸಿ ನನ್ನ ಮುಂದೆ ಇಡುತ್ತಾಳೆ. ಅದರಿಂದ ಒಮ್ಮೆ ನನ್ನ ಪ್ರಾಣವೇ ಹೋಗುತ್ತಿತ್ತು. ಬಂದ ವರ್ಷವೇ ತೋಪಿನಿಂದ ಓಡಿ ಬಂದು, “ಅಕ್ಕಾ, ಬಾವಿ ತಾವ ಒಳ್ಳೆ ಹಾವು!” ಎಂದಳು. ಒಳ್ಳೆ ಹಾವು ಎಂದರೆ ನಮಗೆ ನೀರಿನಲ್ಲಿರುವ ಬಡಪಾಯಿ ಹಾವು. “ಅದಕ್ಕೆ ಯಾಕೆ ಇಷ್ಟು ಕೂಗ್ತೀಯೆ” ಎಂದು ಕೈಯಲ್ಲಿ ಪೊರಕೆ ಹಿಡಿದು ಹೋದೆ. ನೋಡಿದರೆ ನಾಗರಹಾವು, ಹೆಡೆ ಬಿಚ್ಚಿ ನಿಂತಿದೆ. ತಮಿಳಿನವರು ನಾಗರಹಾವಿಗೆ ನಲ್ಲ ಪಾಂಬು ಎನ್ನುತ್ತಾರಲ್ಲ, ಅದನ್ನೇ ಈ ಮಹಾತಾಯಿ ಕನ್ನಡ ಮಾಡಿದ್ದಳು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಅವಳ ಮೇಲೆ ನನಗೆ ಉರಿ ಹತ್ತಿದ್ದು ಹಾವಿನಿಂದಲ್ಲ. ಮೂರನೆಯ ವರ್ಷ ಅವಳಿಗೆ ಅಭಿರಾಮಿ ಹುಟ್ಟಿದಳು. ನನಗೆ ಮಕ್ಕಳಾಗಲಿಲ್ಲ. ಮಧುರೈಗೆ ಹೋದೆವು, ಡಾಕ್ಟರನ್ನು ನೋಡಿದೆವು, ವಾಪಸು ಬಂದೆವು. ಅದರ ಬಗ್ಗೆ ಹೇಳಲು ಇಷ್ಟೇ ಇರುವುದು. ಗೋಡೆಯ ಆ ಕಡೆ ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರು. ಒಬ್ಬಳು ಮೂಗು ತೀಡುವುದು, ಒಬ್ಬಳು ಹೊಗೆ ಹಾಕುವುದು, ಒಂದೇ ಗದ್ದಲ. ನನ್ನನ್ನು ಯಾರೂ ಬರಬೇಡ ಎನ್ನಲಿಲ್ಲ. ಬಾ ಎಂದೂ ಯಾರೂ ಎನ್ನಲಿಲ್ಲ. ಆ ಹೊತ್ತಿಗೆ ಸರಿಯಾಗಿ ನಾನು ತೋಪಿಗೆ ಹೋಗಿ ನನ್ನ ಜೇನು ಪೆಟ್ಟಿಗೆಗಳ ಮುಂದೆ ಕುಳಿತುಬಿಡುತ್ತಿದ್ದೆ.

ಜೇನು ನನ್ನದು. ಅದನ್ನು ಮೊದಲು ತಿಳಿದುಕೊಳ್ಳಿ. ಮೂವತ್ತಾರು ವರ್ಷದ ಹಿಂದೆ ಇದೇ ಕಣಿವೆಯ ಗೂಡಲೂರಿನ ತವರಿನಿಂದ ನಾನು ತಂದ ಜೇನು ಅದು. ಅವ್ವ ಹಿತ್ತಿಲಿನಲ್ಲಿ ಮಣ್ಣಿನ ಮಡಕೆಯಲ್ಲಿ ಸಾಕುತ್ತಿದ್ದಳು. ಮದುವೆಯ ಮಾರನೆಯ ದಿನ ಮಡಕೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, “ಕಣ್ಣಮ್ಮಾ, ಇವು ನಿನ್ ಕೂಡ ಬರ್ಲಿ” ಎಂದು ಕೊಟ್ಟಳು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮುಂದಿನ ವರ್ಷವೇ ಅವ್ವ ಹೋದಳು. ಆಮೇಲೆ ಮಡಕೆ ಹೋಗಿ ಮರದ ಪೆಟ್ಟಿಗೆ ಬಂತು, ಒಂದು ಹನ್ನೆರಡಾಯಿತು, ಆದರೆ ಹುಳಗಳು ಅವ್ವನ ಹುಳಗಳ ವಂಶವೇ. ತವರು ಎಂದು ನನಗೆ ಉಳಿದದ್ದು ಅದೊಂದೇ. ಅವಳಿಗೆ ಮಗು ಇತ್ತು, ನನಗೆ ಜೇನಿತ್ತು. ಈ ಹಂಚಿಕೆ ಯಾರು ಮಾಡಿದರೋ ಕಾಣೆ, ನಾನಂತೂ ಒಪ್ಪಿಕೊಂಡು ಕುಳಿತಿದ್ದೆ.

ಆರು ವರ್ಷದ ಹಿಂದೆ ಅದೂ ಕೆಟ್ಟಿತು. ಅಭಿರಾಮಿ ಓದಲು ದಿಂಡಿಗಲ್ಲಿಗೆ ಹೋದ ಮೇಲೆ ಮಣಿಮೇಗಲೈಗೆ ಹೊತ್ತು ಹೋಗಲಿಲ್ಲ. ಮಹಿಳಾ ಸಂಘದಿಂದ ಎರಡು ಜೇನು ಪೆಟ್ಟಿಗೆ ತಂದಳು! ಇಡೀ ಪ್ರಪಂಚದಲ್ಲಿ ಬೇರೆ ಕೆಲಸವೇ ಇರಲಿಲ್ಲವೇ? ಹಸು ಕಟ್ಟಬಹುದಿತ್ತು, ಬ್ಲೌಸ್ ಹೊಲಿಯಬಹುದಿತ್ತು. ನನ್ನ ಗಂಡನಿಗೆ ಹೇಳಿದರೆ, “ಅದೂ ಜೇನು, ಇದೂ ಜೇನು, ತೋಪಿಗೆ ಒಳ್ಳೇದಲ್ವಾ?” ಎಂದರು. ಇವರಿಗೆ ಎಲ್ಲವೂ ತೋಪಿನ ಲೆಕ್ಕವೇ.

ಒಂದು ತಿಂಗಳಲ್ಲಿ ಹುಳ ಎದ್ದುಹೋಗುತ್ತವೆ, ನೋಡುತ್ತಿರಿ ಎಂದುಕೊಂಡೆ. ಹೋಗಲಿಲ್ಲ. ಎರಡು ಆರಾಯಿತು, ಆರು ಇಪ್ಪತ್ತಾಯಿತು. ಅಂಗಡಿಯಿಂದ ಒಂದು ಮದ್ದೂ ತರದೆ ಎಲ್ಲವನ್ನೂ ಅವಳು ಅಡಿಗೆಮನೆಯಿಂದಲೇ ನಡೆಸಿದಳು. ಇರುವೆ ಹತ್ತದಂತೆ ಪೆಟ್ಟಿಗೆಯ ಮಣೆಯ ನಾಲ್ಕು ಕಾಲುಗಳನ್ನೂ ನೀರು ತುಂಬಿದ ತೆಂಗಿನ ಚಿಪ್ಪಿನಲ್ಲಿ ನಿಲ್ಲಿಸಿದಳು. ನೀರಿಗೆ ಒಂದು ತೊಟ್ಟು ಕರಿದ ಎಣ್ಣೆ, ಸುತ್ತ ಒಲೆಯ ಬೂದಿಯ ಗೆರೆ, ಬೂದಿಗೆ ಚಿಟಿಕೆ ಅರಿಶಿನ. ಹುಳಗಳ ಮೈಗೆ ನುಸಿ ಹತ್ತಿದರೆ ಸಕ್ಕರೆಯನ್ನು ಹಿಟ್ಟಿನಂತೆ ನುಣ್ಣಗೆ ಬೀಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ಹುಳಗಳು ಕಟ್ಟಿದ ಮೇಣದ ಎರಿಗಳ ಮೇಲೆ ಮೆಲ್ಲಗೆ ತಟ್ಟುತ್ತಿದ್ದಳು. ಹುಳಗಳು ಒಂದನ್ನೊಂದು ನೆಕ್ಕಿ ಶುಚಿ ಮಾಡಿಕೊಳ್ಳುವಾಗ ನುಸಿ ಜಾರಿ ಕೆಳಗೆ ಬೀಳುತ್ತಿತ್ತು. ಪ್ರತಿ ಶುಕ್ರವಾರ ಪೆಟ್ಟಿಗೆಯ ತಳ ಗುಡಿಸುವಳು. ಮುದಿಯಾಗಿ ಕಪ್ಪಾದ ಎರಿ ಕಂಡರೆ ಕಿತ್ತು ಕರಗಿಸುವಳು. ನಾನು ಚಪ್ಪರದ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ. ಒಂದು ತಪ್ಪೂ ಕಾಣದೆ ಹಲ್ಲು ಕಡಿಯುತ್ತಿದ್ದೆ.

ಆಮೇಲೆ ಜನ ಬರತೊಡಗಿದರು. ಕಂಬಂನಿಂದ, ತೇನಿಯಿಂದ, ದಿಂಡಿಗಲ್ಲಿನಿಂದ, ಎಲ್ಲರ ಕೈಯಲ್ಲೂ ಫೋನು. ಅವಳು ಮುಸುಕಿಲ್ಲದೆ ಪೆಟ್ಟಿಗೆ ತೆರೆಯುವುದನ್ನು ಯಾರೋ ವಿಡಿಯೋ ಮಾಡಿದರು. ಲಕ್ಷ ಜನ ನೋಡಿದರಂತೆ. ಊರಿನವರು ತೇನಮ್ಮಾ, ತೇನಮ್ಮಾ, ಅಂದರೆ ಜೇನಮ್ಮಾ ಎಂದು ಕರೆಯತೊಡಗಿದರು. ನಾನು ಮೂವತ್ತು ವರ್ಷ ಜೇನು ಸಾಕಿದ್ದೆ, ನನ್ನನ್ನು ಒಬ್ಬರೂ ಏನಮ್ಮಾ ಎಂದು ಕೇಳಿರಲಿಲ್ಲ. ಆ ವಿಡಿಯೋವನ್ನು ನಾನು ಇವತ್ತಿಗೂ ನೋಡಿಲ್ಲ. ನೋಡಿದರೆ ಎಣಿಕೆಯಲ್ಲಿ ಒಂದು ಹೆಚ್ಚಾಗುತ್ತದಂತೆ. ನನ್ನ ಕೈಯಾರೆ ಅವಳಿಗೆ ಒಂದು ಹೆಚ್ಚು ಮಾಡಿಕೊಡಬೇಕೇ?

ಹೋದ ವರ್ಷ ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಮೊಣಕಾಲು ನೋವೆಂದು ನಾನು ಮೂರು ವಾರ ತೋಪಿಗೆ ಹೋಗಲಿಲ್ಲ. ಹೋಗಿ ನೋಡಿದರೆ ಪೆಟ್ಟಿಗೆಗಳಿಗೆ ಮೇಣದ ಹುಳ ಬಿದ್ದಿತ್ತು. ನಮ್ಮ ಮಾತಿನಲ್ಲಿ ಜೇನೂ ಹುಳವೇ, ಜೇನನ್ನು ಹಾಳು ಮಾಡುವುದೂ ಹುಳವೇ. ಇದು ಬೂದು ಬಣ್ಣದ ಒಂದು ಪತಂಗ ಬಿರುಕಿನಲ್ಲಿ ನುಗ್ಗಿ ಇಡುವ ಮೊಟ್ಟೆಯಿಂದ ಹುಟ್ಟುವ ಬಿಳಿ ಹುಳ. ಎರಿಯೊಳಗೆ ಸುರಂಗ ಕೊರೆದು, ಬಲೆ ನೇಯ್ದು, ಮೇಣವನ್ನೆಲ್ಲ ತಿಂದು ಪುಡಿ ಮಾಡುತ್ತದೆ. ಅದು ಹೆಚ್ಚಾದರೆ ಜೇನು ಹುಳಗಳು ಮನೆ ಬಿಟ್ಟು ಎದ್ದುಹೋಗುತ್ತವೆ. ನಿಜ ಹೇಳುತ್ತೇನೆ, ತಪ್ಪು ಮಳೆಯದಲ್ಲ. ನಾಲ್ಕೈದು ವರ್ಷದ ಕಪ್ಪು ಎರಿಗಳನ್ನು ನಾನು ಹಾಗೇ ಬಿಟ್ಟಿದ್ದೆ. ಅವಳು ಶುಕ್ರವಾರ ಗುಡಿಸುತ್ತಾಳೆ ಎಂಬ ಒಂದೇ ಕಾರಣಕ್ಕೆ ನಾನು ಗುಡಿಸುವುದನ್ನೇ ಬಿಟ್ಟಿದ್ದೆ.

ಹನ್ನೆರಡು ಪೆಟ್ಟಿಗೆಗಳಲ್ಲಿ ಒಂದೊಂದೇ ಬರಿದಾಯಿತು. ಕಾರ್ತಿಗೈ ಹುಟ್ಟುವ ಹೊತ್ತಿಗೆ ಒಂದು ಉಳಿಯಿತು. ಒಂದೇ ಒಂದು. ಅದೂ ಹೋದರೆ ಅವ್ವನ ಹುಳ ಭೂಮಿಯ ಮೇಲೆ ಇಲ್ಲ. ಮೂರು ದಿನ ನನಗೆ ಅನ್ನ ಸೇರಲಿಲ್ಲ. ನನ್ನ ಗಂಡ, “ಪಕ್ಕದಲ್ಲೇ ಇದ್ದಾಳಲ್ಲಾ, ಒಂದ್ ಮಾತು ಕೇಳೇ. ಅವಳೇನು ನಿನ್ನ ಕಚ್ತಾಳಾ?” ಎಂದರು. ಅವಳು ಮೇಣದ ಹುಳಕ್ಕೆ ಏನೋ ಒಂದು ಪುಡಿ ಹಾಕುತ್ತಾಳೆ ಎಂದು ಬೀದಿಯಲ್ಲೆಲ್ಲ ಮಾತಿತ್ತು, ಮರೆಯಲ್ಲಿ ನಿಂತು ನೋಡಿದ ನನಗೆ ಅದು ಯಾವ ಪುಡಿ ಎಂದು ತಿಳಿದಿರಲಿಲ್ಲ. ಬೇರೆಯವರನ್ನು ಕೇಳಬಹುದಿತ್ತು. ಕೇಳಿದರೆ ಕಣ್ಣಮ್ಮಾಳ್ ಪೆಟ್ಟಿಗೆಗೆ ಹುಳ ಬಿದ್ದಿದೆ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹೇಗೂ ಮಾನ ಹೋಗುವುದೇ ಆದರೆ ಒಬ್ಬಳ ಮುಂದೆ ಹೋಗಲಿ ಎಂದು ನಾಚಿಕೆ ಬಿಟ್ಟು ಅವಳ ಬಾಗಿಲಿಗೆ ಹೋದೆ.

ಅಭಿರಾಮಿ ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಮೂರು ತಿಂಗಳು, ಯುವಶ್ರೀ ಎಂದು ಹೆಸರು. ಮಣಿಮೇಗಲೈ ನಡುಮನೆಯಲ್ಲಿ ಕಾಲು ಚಾಚಿ ಕುಳಿತು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು. ಮಗುವಿನ ಮೈತುಂಬ ಬಟ್ಟೆ, ಮುಖ ಮಾತ್ರ ಕಾಣುತ್ತಿತ್ತು. ಇದೊಂದು ಬಾಕಿ ಇತ್ತು ನೋಡಿ, ಈಗ ಅಜ್ಜಿಯೂ ಆಗಿದ್ದಳು.

“ಬನ್ನಿ ಅಕ್ಕಾ, ಕುಕ್ಕರಿ,” ಎಂದಳು.

ನಾನು ಹೊಸಿಲು ದಾಟಲಿಲ್ಲ. “ಹುಳಕ್ಕೆ ಅದೇನೋ ಪುಡಿ ಹಾಕ್ತೀಯಂತಲ್ಲಾ. ಏನದು?” ಎಂದೆ. ನನ್ನ ಪೆಟ್ಟಿಗೆಯ ವಿಷಯ ಎತ್ತಲಿಲ್ಲ.

ಅವಳು ಒಮ್ಮೆ ಮಗುವಿನ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ದನಿ ಇಳಿಸಿ ಹೇಳಿದಳು, “ಅದು ಹೆಸರು ಹೇಳದ ಮದ್ದಕ್ಕಾ.”

“ಏನು?”

“ಹೆಸರು ಹೇಳ್ಬಾರ್ದಕ್ಕಾ. ಸ್ವಲ್ಪ ಇರ್ರಿ, ಮಗು ಮಲಗ್ಲಿ…”

ನಾನು ನಿಲ್ಲಲಿಲ್ಲ. ಹೆಸರು ಹೇಳಬಾರದಂತೆ! ಲಕ್ಷ ಜನಕ್ಕೆ ಹೇಳಬಹುದು, ದಿಂಡಿಗಲ್ಲಿನವರಿಗೆ ಹೇಳಬಹುದು, ನನಗೆ ಮಾತ್ರ ಹೇಳಬಾರದು. ಅದೂ ಮಗು ಮಲಗುವವರೆಗೆ ಬಾಗಿಲಿನಲ್ಲಿ ಕಾಯಬೇಕಂತೆ ನಾನು! ಬಂಜೆಯ ಕಣ್ಣು ಬೀಳುತ್ತದೆ ಎಂದು ಮಗುವಿನ ಮುಖ ನೋಡಿದಳೇ? ಹಿಂದೆ ಅಕ್ಕಾ, ಅಕ್ಕಾ ಎಂದು ಕೂಗುತ್ತಲೇ ಇದ್ದಳು. ನಾನು ಮನೆಗೆ ಬಂದು ಬಾಗಿಲು ಧಡಾರನೆ ಹಾಕಿಕೊಂಡೆ. ನಡುಗೋಡೆಯ ಸುಣ್ಣ ಉದುರಿತು.

ಸಂಜೆ ಅವಳು ಬಂದು ಬಾಗಿಲು ತಟ್ಟಿದಳು. ನಾನು ಒಳಗಿದ್ದುಕೊಂಡೇ, “ಅಕ್ಕ ಇಲ್ಲ, ಕಂಬಂಗೆ ಹೋಗಿದ್ದಾಳೆ ಅನ್ನಿ” ಎಂದು ಇವರ ಬಾಯಲ್ಲಿ ಸುಳ್ಳು ಹೇಳಿಸಿದೆ. ಮಾರನೆಯ ದಿನವೂ ಬಂದಳು. ಮೂರನೆಯ ದಿನ ಬರಲಿಲ್ಲ. ಬಾರದೆ ಇದ್ದದ್ದಕ್ಕೂ ನನಗೆ ಸಿಟ್ಟು ಬಂತು.

ಅವಳು ಹೇಳದಿದ್ದರೇನು, ನನಗೇನು ಅಡಿಗೆಮನೆ ಇಲ್ಲವೇ? ಸಾಂಬಾರ ಡಬ್ಬಿ ಎದುರಿಗೆ ಇಟ್ಟುಕೊಂಡು ಒಂದೊಂದನ್ನೇ ಪರೀಕ್ಷೆಗೆ ಹಚ್ಚಿದೆ. ಮೊದಲು ಮೆಣಸಿನ ಪುಡಿ. ಮೇಣದ ಹುಳ ಕದಲಲಿಲ್ಲ. ಆಮೇಲೆ ಇಂಗು ಕರಗಿಸಿ ಬಿರುಕಿಗೆ ಹಚ್ಚಿದೆ. ಜೇನು ಹುಳಗಳೆಲ್ಲ ಆ ಮೂಲೆ ಬಿಟ್ಟು ಈ ಮೂಲೆಗೆ ಬಂದು ಮುದುರಿಕೊಂಡವು. ಶುಂಠಿ ಆಯಿತು, ಲವಂಗ ಆಯಿತು. ಹತ್ತು ದಿನದಲ್ಲಿ ಆ ಪೆಟ್ಟಿಗೆ ಮದುವೆ ಮನೆಯ ಅಡಿಗೆಯ ಹಾಗೆ ನಾರುತ್ತಿತ್ತು. ಇವರು ಮೂಗು ಮುಚ್ಚಿಕೊಂಡು, “ಹುಳ ಓಡಿಸ್ತೀಯೋ, ಜೇನು ಓಡಿಸ್ತೀಯೋ?” ಎಂದರು. “ನಿಮ್ಮ ತಮ್ಮನ ಹೆಂಡ್ತೀನ ಕೇಳಿ ಹೋಗಿ” ಎಂದೆ. ಹನ್ನೊಂದನೆಯ ದಿನ ಒಣಮೆಣಸಿನಕಾಯಿ ಸುಟ್ಟು ಹೊಗೆ ಕೊಟ್ಟೆ. ಅದು ನಾನು ಮಾಡಿದ ಪಾಪ. ನನಗೇ ಉಸಿರು ಕಟ್ಟಿ ಕಣ್ಣೀರು ಸುರಿಯಿತು, ಇನ್ನು ಆ ಸಣ್ಣ ಜೀವಗಳಿಗೆ ಏನಾಗಿರಬೇಕು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ತೋಪಿನಲ್ಲಿ ಭೋರ್ ಎಂಬ ಸದ್ದು ಕೇಳಿತು. ಪೆಟ್ಟಿಗೆಯ ಬಾಯಿಯಿಂದ ಹುಳಗಳು ಒಂದೇ ಸಮನೆ ಹೊರಗೆ ಸುರಿಯುತ್ತಿದ್ದವು. ಎದ್ದುಹೋಗುವ ಹುಳಗಳನ್ನು ಕೂರಿಸಲು ಅವ್ವ ಮಾಡುತ್ತಿದ್ದಂತೆ ತಟ್ಟೆ ಬಡಿದೆ, ಮಣ್ಣು ತೂರಿದೆ, ನೀರು ಎರಚಿದೆ. “ಹೋಗ್ಬೇಡಿ, ಹೋಗ್ಬೇಡ್ರವ್ವಾ” ಎಂದು ಬಾಯಿಬಿಟ್ಟು ಕೂಗಿದೆ. ಅವು ಒಂದು ಸುತ್ತು ತೆಂಗಿನ ಮರದೆತ್ತರ ಏರಿ, ದ್ರಾಕ್ಷಿ ಚಪ್ಪರದ ಮೇಲೆ ಹಾದು ಹೊರಟವು. ಮೊಣಕಾಲು ನೋವು ಎಲ್ಲಿ ಹೋಯಿತೋ, ಚಪ್ಪರದ ಕಂಬಗಳ ನಡುವೆ ಬಗ್ಗಿಕೊಂಡು ಓಡಿದೆ. ಬಳ್ಳಿಗೆ ಸಿಕ್ಕಿ ಸೆರಗು ಹರಿಯಿತು. ಇವರು ಹಿಂದಿನಿಂದ, “ಬೀಳ್ತೀಯ, ನಿಧಾನ!” ಎಂದು ಕೂಗುತ್ತಾ ಬರುತ್ತಿದ್ದರು.

ಹುಳಗಳು ಎಲ್ಲಿ ಇಳಿದವು ಎನ್ನುತ್ತೀರಿ? ಅವಳ ತೋಪಿನಲ್ಲಿ! ನುಗ್ಗೆ ಮರದ ಕೆಳಗೆ ಅವಳು ಒಂದು ಖಾಲಿ ಪೆಟ್ಟಿಗೆಯನ್ನು ಮೇಣ ಸವರಿ ಒಣಗಲು ಇಟ್ಟಿದ್ದಳು. ಅದರ ಬಾಯಿಗೆ ನನ್ನ ಅವ್ವನ ಹುಳಗಳು ಸಾಲುಗಟ್ಟಿ ನುಗ್ಗುತ್ತಿದ್ದವು. ಮಣಿಮೇಗಲೈ ಎರಡು ಕೈಯನ್ನೂ ಕೆನ್ನೆಗೆ ಇಟ್ಟುಕೊಂಡು ನಗುತ್ತಾ ನಿಂತಿದ್ದಳು.

“ನೋಡಕ್ಕಾ, ಯಾರ ಹುಳವೋ, ತಾನಾಗೇ ಬಂದು…”

“ಕಳ್ಳಿ!” ಎಂದೆ. ಆ ಮಾತು ಬಾಯಿಗೆ ಬಂದದ್ದೇ ನನಗೆ ಗೊತ್ತಾಗಲಿಲ್ಲ. “ಯಾರ ಹುಳವೋ ಅಂತೆ! ನನ್ನವ್ವನ ಹುಳ ಕಣೇ ಅವು! ನಿನಗೆ ಮಗಳು ಸಾಲ್ದು, ಮೊಮ್ಮಗಳು ಸಾಲ್ದು, ಲಕ್ಷ ಜನ ಸಾಲ್ದು, ಕೊನೆಗೆ ಇದೊಂದಿತ್ತು, ಇದನ್ನೂ ಎಳ್ಕಂಡೆ! ಊರಿಗೆಲ್ಲಾ ಮದ್ದು ಹೇಳ್ತೀಯೆ, ನಾನು ಬಾಗಿಲಿಗೆ ಬಂದು ಕೇಳಿದ್ರೆ ಹೆಸರು ಹೇಳ್ಬಾರ್ದು ಅಂತೀಯೆ. ಯಾಕೆ? ನಾನೇನು ನಿನ್ನ ಮಗೂನ ತಿಂದುಬಿಡ್ತಿದ್ನಾ?”

ಅವಳ ನಗು ಹಾರಿಹೋಯಿತು. “ಅಕ್ಕಾ, ನಾನು ಯಾವಾಗ ಹೇಳಲ್ಲ ಅಂದೆ? ಹೆಸರು ಹೇಳದ ಮದ್ದು ಅಂತ ಹೇಳ್ದೆನಲ್ಲಾ…”

“ಅದನ್ನೇ ನಾನೂ ಹೇಳ್ತಿರೋದು! ಹೆಸರು ಹೇಳಲ್ಲ ಅಂದೆ!”

ಗದ್ದಲ ಕೇಳಿ ಅಭಿರಾಮಿ ಮಗುವನ್ನು ಎದೆಗೆ ಅವಚಿಕೊಂಡು ತೋಪಿನ ಗುಡಿಸಲಿನಿಂದ ಹೊರಗೆ ಬಂದಳು. ಅವಳಿಗೆ ನಮ್ಮ ಕನ್ನಡ ಎಲ್ಲ ಅರ್ಥವಾಗುತ್ತದೆ, ಆಡಲು ನಾಲಗೆ ಹೊರಳುವುದಿಲ್ಲ. ಎರಡು ಕ್ಷಣ ನಮ್ಮಿಬ್ಬರ ಮುಖ ನೋಡಿ ತಮಿಳಿನಲ್ಲೇ ಹೇಳಿದಳು, “ಪೆರಿಯಮ್ಮಾ, ಅಮ್ಮ ಸೊನ್ನದು ಪೇರ್ ಸೊಲ್ಲಾ ಮರುಂದು. ವಸಂಬು, ಪೆರಿಯಮ್ಮಾ.” ಹಾಗೆ ಹೇಳಿ ಮಗುವಿನ ಕೈ ಎತ್ತಿ ತೋರಿಸಿದಳು. ಪುಟ್ಟ ಮಣಿಕಟ್ಟಿನಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ಬೇರಿನ ತುಂಡುಗಳು.

ಬಜೆ! ಅದು ಬಜೆ. ವಸಂಬು ಎಂದರೆ ನಮ್ಮ ಬಜೆ. ಮಗುವಿಗೆ ಹೊಟ್ಟೆನೋವು ಬಂದರೆ ಸುಟ್ಟು ತೇಯ್ದು ಹಚ್ಚುವ ಬೇರು. ಕೈಗೆ ಕಟ್ಟಿದರೆ ಹುಳಹುಪ್ಪಟೆ ಹತ್ತಿರ ಬರುವುದಿಲ್ಲ. ಎಳೆಮಗುವಿನ ಮುಂದೆ ಅದರ ಹೆಸರು ಎತ್ತಬಾರದು, ಎತ್ತಿದರೆ ಮದ್ದು ನಾಟುವುದಿಲ್ಲ ಎಂದು ತಾಯಂದಿರ ನಂಬಿಕೆಯಂತೆ. ಅದಕ್ಕೆ ಹೆಸರು ಹೇಳದ ಮದ್ದು ಎಂಬುದೇ ಅದರ ಹೆಸರು. ತಮಿಳಿನಲ್ಲಿ ಅದನ್ನೇ ಪೇರ್ ಸೊಲ್ಲಾ ಮರುಂದು ಎನ್ನುತ್ತಾರೆ. ನಾನು ಒಲೆಯ ಮುಂದೆ ತಮಿಳು ಬೇಡ ಎಂದವಳಲ್ಲವೇ, ನನಗಾಗಿ ಅವಳು ಅದನ್ನೂ ಕನ್ನಡ ಮಾಡಿದ್ದಳು.

ನನ್ನ ಅಕ್ಕಿ ಡಬ್ಬಿಯಲ್ಲೂ ಒಂದು ಬಜೆ ತುಂಡು ಇದೆ, ನುಸಿ ಹಿಡಿಯದಿರಲಿ ಎಂದು ನಾನೇ ಹಾಕಿದ್ದು. ಸಾಂಬಾರ ಡಬ್ಬಿಯನ್ನೆಲ್ಲ ಬಳಿದು ಹಾಕಿದೆನಲ್ಲ, ಪಕ್ಕದ ಅಕ್ಕಿ ಡಬ್ಬಿಗೆ ಕೈ ಹಾಕಲಿಲ್ಲ.

“ಮಗು ಎದ್ದಿತ್ತು, ಅದ್ಕೇ ಹೆಸರು ಎತ್ಲಿಲ್ಲಕ್ಕಾ,” ಎಂದಳು ಮಣಿಮೇಗಲೈ. “ಹಂಗಂದ್ರೆ ನಿಮಗೆ ತಿಳೀತದೆ ಅಂದ್ಕಂಡೆ. ಅದು ಎಲ್ಲಾರ್ಗೂ ಗೊತ್ತಿರೋ…”

ಅಲ್ಲಿಗೆ ನಿಲ್ಲಿಸಿಬಿಟ್ಟಳು. ಕೈಯಿಂದ ಬಾಯಿ ಮುಚ್ಚಿಕೊಂಡಳು.

ಎಲ್ಲರಿಗೂ ಗೊತ್ತು. ಮಗು ಎತ್ತಿ ಆಡಿಸಿದ ಎಲ್ಲರಿಗೂ ಗೊತ್ತು. ನಮ್ಮ ಬೀದಿಯಲ್ಲಿ ಹದಿನೆಂಟು ವರ್ಷದ ಬಾಣಂತಿಗೂ ಗೊತ್ತು. ಐವತ್ತಾರು ವರ್ಷದ ನನಗೆ ಗೊತ್ತಿಲ್ಲ. ಅದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಮಗುವಿಗೆ ನೀರು ಹಾಕುವ ಕಡೆ ನಾಲ್ಕು ಹೆಂಗಸರ ನಡುವೆ ತಾನಾಗಿ ಕಿವಿಗೆ ಬೀಳುವ ಮಾತು ಅದು. ಆ ಹೊತ್ತಿಗೆ ನಾನು ಇಲ್ಲಿ ಪೆಟ್ಟಿಗೆಗಳ ಮುಂದೆ ಕುಳಿತಿರುತ್ತಿದ್ದೆ. ಅವ್ವ ನನಗೆ ಅದನ್ನು ಹೇಳಬೇಕಾದ ದಿನ ಬರಲೇ ಇಲ್ಲ.

ಮಣಿಮೇಗಲೈ ಅಳತೊಡಗಿದಳು. ನನಗೆ ಇನ್ನೂ ಸಿಟ್ಟು ಬಂತು. “ನೀನ್ಯಾಕೆ ಅಳ್ತೀಯೆ? ಅಳೋಳು ನಾನು. ಅದನ್ನೂ ನೀನೇ ಮಾಡ್ಬೇಡ,” ಎಂದೆ. ಹೇಳಿಬಿಡುತ್ತೇನೆ, ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಒಂದೇ. ಅವಳು ಕೆಟ್ಟವಳಾಗಿರಬೇಕಿತ್ತು. ಬೇಕೆಂದೇ ಹೆಸರು ಮುಚ್ಚಿಟ್ಟಿರಬೇಕಿತ್ತು. ಆಗ ಎಷ್ಟು ಸುಖವಾಗಿ ಮನೆಗೆ ಹೋಗಿ ಬೈದುಕೊಂಡು ಇರುತ್ತಿದ್ದೆ.

ಅಷ್ಟರಲ್ಲಿ ಹುಳಗಳೆಲ್ಲ ಪೆಟ್ಟಿಗೆಯ ಒಳಗೆ ಹೋಗಿದ್ದವು. ಮಣಿಮೇಗಲೈ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿ, ಕಿವಿಗೊಟ್ಟು ಕೇಳಿದಳು. “ರಾಣಿ ಒಳಗಿದ್ದಾಳಕ್ಕಾ. ಸದ್ದು ಕೂತಿದೆ. ಹೊತ್ತು ಮುಳುಗ್ಲಿ, ಬಾಯಿ ಮುಚ್ಚಿ ನಾನೇ ತಲೆ ಮೇಲೆ ಇಟ್ಕಂಡು ನಿಮ್ಮ ತೋಪಿಗೆ ತಂದಿಡ್ತೀನಿ. ನಿಮ್ಮ ಹುಳ ನಿಮಗೇ. ಆ ಹಳೇ ಪೆಟ್ಟೀನ ಸುಟ್ಬಿಡಿ, ಮೇಣದ ಹುಳದ ಮೊಟ್ಟೆ ಇರ್ತದೆ. ಇದ್ರಲ್ಲೇ ಇರ್ಲಿ.”

ನನ್ನ ಗಂಡ ನನ್ನ ಮುಖ ನೋಡಿದರು. ಸರಿ ಎಂದರೆ ಮುಗಿಯುತ್ತಿತ್ತು. ಆದರೆ ನಾನೂ ಮೂವತ್ತಾರು ವರ್ಷ ಜೇನು ಸಾಕಿದವಳು. ಹೆದರಿ ಮನೆ ಬಿಟ್ಟ ಹುಳಗಳನ್ನು ಅದೇ ದಿನ ಅದೇ ಜಾಗಕ್ಕೆ ತಂದಿಟ್ಟರೆ ಮತ್ತೆ ಏಳುತ್ತವೆ. ಎರಡನೆಯ ಸಲ ಎದ್ದರೆ ಪಕ್ಕದ ತೋಪಿನಲ್ಲಿ ಇಳಿಯುವುದಿಲ್ಲ, ನೇರವಾಗಿ ಬೆಟ್ಟ. ನನ್ನ ತೋಪಿನಲ್ಲಿ ಮೆಣಸಿನಕಾಯಿ ಘಾಟು ಇನ್ನೂ ಆರಿರಲಿಲ್ಲ. ಹನ್ನೊಂದು ಪೆಟ್ಟಿಗೆಗಳಲ್ಲಿ ಮೇಣದ ಹುಳ ಕೊಬ್ಬಿ ಕುಳಿತಿತ್ತು. ಅವ್ವನ ಹುಳ ನನ್ನ ಬಳಿ ಬಂದರೆ ಸಾಯುತ್ತವೆ, ಅವಳ ಬಳಿ ಇದ್ದರೆ ಬದುಕುತ್ತವೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಗೊತ್ತಿದ್ದೂ ಅವಳು ತಲೆಯ ಮೇಲೆ ಹೊತ್ತು ತರುತ್ತೇನೆ ಎಂದಳಲ್ಲ, ಅದಕ್ಕೇ ನನಗೆ ಅವಳನ್ನು ಕಂಡರೆ ಆಗುವುದಿಲ್ಲ.

“ಇಲ್ಲೇ ಇರ್ಲಿ,” ಎಂದೆ.

“ಅಕ್ಕಾ?”

“ಕಿವಿ ಕೇಳಲ್ವಾ? ಇಲ್ಲೇ ಇರ್ಲಿ ಅಂದೆ. ಅಲುಗಿಸ್ಬೇಡ ಪೆಟ್ಟೀನ. ಸಕ್ಕರೆ ನೀರು ಇಡು, ಮೂರು ದಿನ ಮುಚ್ಚಳ ತೆಗೀಬೇಡ.” ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ಹೇಳಿದೆ. ಅವಳು ತಲೆಯಾಡಿಸಿದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಾನು ಅತ್ತೆ. ಅವ್ವ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಅವಳ ತೋಪಿಗೆ ಹೋಗತೊಡಗಿದೆ. ತಪ್ಪು ಹಿಡಿಯಲಿಕ್ಕೇ ಹೋಗುತ್ತೇನೆ, ಬೇರೇನಿಲ್ಲ. ಚಿಪ್ಪಿನಲ್ಲಿ ನೀರು ಒಂದು ಬೆರಳು ಕಡಿಮೆ ಇದ್ದರೆ ಹೇಳುತ್ತೇನೆ. ಬೂದಿಯ ಗೆರೆ ಸೊಟ್ಟಗಿದ್ದರೆ ಹೇಳುತ್ತೇನೆ. ಅವಳು ಬಜೆಯ ಪುಡಿಯನ್ನು ಸಗಣಿಯಲ್ಲಿ ಕಲಸಿ ಹೊರಗಿನ ಬಿರುಕುಗಳಿಗೆ ಮೆತ್ತುವುದನ್ನು ನೋಡಿದೆ. ತೆಗೆದಿಟ್ಟ ಎರಿಗಳ ನಡುವೆ ಬಜೆಯ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಾಳೆ. ಜೇನು ಹುಳ ಇರುವ ಎರಿಗೆ ಪುಡಿ ತಾಗಿಸುವುದಿಲ್ಲ, ಜೇನಿಗೂ ಅದು ಆಗದು. ಸಾಂಬಾರ ಡಬ್ಬಿಯನ್ನೆಲ್ಲ ಪೆಟ್ಟಿಗೆಯೊಳಗೆ ಸುರಿದ ನನಗೆ ಅದನ್ನು ನೋಡುವಾಗ ನಾಚಿಕೆಯಾಯಿತು. ಅವಳು ನಾನು ಮಾಡಿದ್ದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಗುತ್ತಿತ್ತು.

ಸಂಕ್ರಾಂತಿಯ ತೈ ತಿಂಗಳು ಕಳೆದು ಮಾಸಿ ಬಂತು. ಹೋದ ವಾರ ದಿಂಡಿಗಲ್ಲಿನಿಂದ ಹತ್ತು ಹೆಂಗಸರು ಕಲಿಯಲು ಬಂದಿದ್ದರು. ಮಣಿಮೇಗಲೈ ಒಂದೊಂದೇ ಪೆಟ್ಟಿಗೆ ತೆರೆದು ತೋರಿಸುತ್ತಾ ನುಗ್ಗೆ ಮರದ ಕೆಳಗಿನದಕ್ಕೆ ಬಂದಳು. ಮುಚ್ಚಳ ತೆಗೆದರೆ ಎಂಟು ಚೌಕಟ್ಟಿನಲ್ಲೂ ಹೊಸ ಎರಿ, ಹಳದಿ ಮೇಣ, ಕಾಲಿಡಲು ಜಾಗವಿಲ್ಲದಷ್ಟು ಹುಳ. ಹೆಂಗಸರು ಅಬ್ಬಾ ಎಂದರು. ಇಷ್ಟು ತುಂಬಿದ ಪೆಟ್ಟಿಗೆ ಇನ್ನೊಂದಿಲ್ಲವಲ್ಲ ಎಂದಳು ಒಬ್ಬಳು.

ಮಣಿಮೇಗಲೈ ತಮಿಳಿನಲ್ಲಿ ಅವರಿಗೆ ಹೇಳಿದಳು, ಇದು ನನ್ನದಲ್ಲ, ನಮ್ಮ ಅಕ್ಕನದು, ಅವರ ತವರಿನ ಜೇನು. ಹತ್ತು ಜನವೂ ತಿರುಗಿ ನನ್ನನ್ನು ನೋಡಿದರು. ಒಬ್ಬಳು ಫೋನನ್ನು ನನ್ನ ಮುಖದ ಕಡೆ ತಿರುಗಿಸಿ, ಇಷ್ಟು ಚೆನ್ನಾಗಿ ಹೇಗೆ ಸಾಕಿದಿರಿ ಅಮ್ಮಾ, ಹೇಳಿ ಎಂದಳು. ಆರು ವರ್ಷ ನಾನು ಕಾದಿದ್ದ ಪ್ರಶ್ನೆ ಅದು. ಏನು ಹೇಳಿದರೂ ಮಣಿಮೇಗಲೈ ಹೌದೆಂದು ತಲೆಯಾಡಿಸುತ್ತಿದ್ದಳು, ಅದೂ ನನಗೆ ಗೊತ್ತಿತ್ತು. ಸುಮ್ಮನೆ ಒಂದು ಸುಳ್ಳು ಹೇಳಿ ಲಕ್ಷ ಜನರ ಮುಂದೆ ನಿಲ್ಲಬಹುದಿತ್ತು.

“ನಾನು ಸಾಕಲಿಲ್ಲ,” ಎಂದೆ, ತಮಿಳಿನಲ್ಲೇ, ಎಲ್ಲರಿಗೂ ತಿಳಿಯಲಿ ಎಂದು. “ನನ್ನ ಹತ್ತಿರ ಇದ್ದಿದ್ದರೆ ಇವು ಸತ್ತುಹೋಗುತ್ತಿದ್ದವು. ಇವಳು ಸಾಕಿದಳು.” ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು.